ಎರಡನೆಯ ಚಂದ್ರ

ಹುಣ್ಣಿಮೆಯ ರಾತ್ರಿ ನಮ್ಮ ಅಂಗಳದ ಮೇಲೆ ಎರಡು ಚಂದ್ರ ಮೂಡುತ್ತವೆ. ಒಂದು ಇರಬೇಕಾದಲ್ಲಿ ಇರುತ್ತದೆ. ಇನ್ನೊಂದು ಅದರಿಂದ ಸ್ವಲ್ಪ ಕೆಳಗೆ, ಸ್ವಲ್ಪ ಎಡಕ್ಕೆ. ಎರಡೂ ಬೆಳಗುತ್ತವೆ, ಎರಡರಲ್ಲೂ ಮೊಲವಿದೆ. ಲೆಕ್ಕದ ಪ್ರಕಾರ ಎರಡನೆಯದು ಒಂದು ಬದಿಗೆ ವಾಲಿಕೊಂಡೂ ಇರಬೇಕು. ದುಂಡಗಿರುವುದರಿಂದ ಅದು ಗೊತ್ತಾಗುವುದಿಲ್ಲ. ಅಷ್ಟರ ಮಟ್ಟಿಗೆ ಚಂದ್ರ ಸಭ್ಯ. ಕರೆಂಟಿನ ಕಂಬ, ಅಡಕೆ ಮರ, ದೇವಸ್ಥಾನದ ಕೊಡಿಮರ ಇವು ಯಾವುವೂ ಅಷ್ಟು ಸಭ್ಯವಲ್ಲ. ನೆಟ್ಟಗೆ ನಿಂತ ಒಂದೊಂದರ ಪಕ್ಕದಲ್ಲೂ ಓರೆಯಾಗಿ ನಿಂತ ಇನ್ನೊಂದು ಇದ್ದೇ ಇರುತ್ತದೆ. ಚೌತಿಯ ದಿನ ಚಂದ್ರನನ್ನು ಕಂಡವರಿಗೆ ಅಪವಾದ ಬರುತ್ತದೆ, ಕೃಷ್ಣನಿಗೇ ಮಣಿ ಕದ್ದ ಹೆಸರು ತಪ್ಪಲಿಲ್ಲ. ನಾನು ಕಂಡರೆ ಅಪವಾದವೂ ಎರಡು ಬಂದೀತೆಂದು ಮನೆಯವಳು ಆ ಸಂಜೆ ನನ್ನನ್ನು ಚಾವಡಿಯಿಂದ ಕೆಳಗೆ ಇಳಿಯಲು ಬಿಡುವುದಿಲ್ಲ.

ಎರಡು ಚಂದ್ರರನ್ನು ಕಂಡವರಲ್ಲಿ ನಾನು ಮೊದಲಿಗನಲ್ಲ ಎಂಬುದೊಂದು ಸಮಾಧಾನ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲಿ, ಒಂದರ ಮೇಲೆ ಇನ್ನೊಂದನ್ನು ಆರೋಪಿಸುವುದೆಂದರೆ ಏನು ಎಂದು ವಿವರಿಸುವಾಗ, ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಎರಡು ಉದಾಹರಣೆ ಕೊಡುತ್ತಾರೆ: ಚಿಪ್ಪು ಬೆಳ್ಳಿಯಾಗಿ ತೋರುವುದು, ಒಬ್ಬನೇ ಚಂದ್ರ ಜೋಡಿಯಾಗಿ ತೋರುವುದು. ಸಾವಿರ ವರ್ಷಕ್ಕೂ ಹಿಂದೆಯೇ ನನ್ನ ಕಾಯಿಲೆ ಇಷ್ಟು ಪರಿಚಿತವಾಗಿತ್ತು ಎಂದಾಯಿತು.

ಆಚಾರ್ಯರ ಎದುರು ಮಾತಾಡುವಷ್ಟು ಓದಿದವನಲ್ಲ ನಾನು, ಹೈಸ್ಕೂಲಿನ ಕನ್ನಡ ಮಾಷ್ಟ್ರು. ಆದರೂ ಅನುಭವಸ್ಥನಾಗಿ ಒಂದು ಮಾತು. ಹಗ್ಗ ಕಂಡು ಹಾವೆಂದು ಹೆದರಿದವನಿಗೆ ಟಾರ್ಚು ಹಾಕಿ ತೋರಿಸಿದರೆ ಹಾವು ಹೋಗುತ್ತದೆ. ಚಿಪ್ಪನ್ನು ಕೈಗೆತ್ತಿಕೊಂಡರೆ ಬೆಳ್ಳಿ ಹೋಗುತ್ತದೆ. ನನ್ನ ಎರಡನೆಯ ಚಂದ್ರ ಮಾತ್ರ ತಿಳಿವಳಿಕೆ ಬಂದ ಮೇಲೂ ಹೋಗುವುದಿಲ್ಲ. ಚಂದ್ರ ಒಬ್ಬನೇ ಎಂದು ಯಾವ ದೇವಸ್ಥಾನದಲ್ಲಿ ಬೇಕಾದರೂ ಆಣೆ ಹಾಕುತ್ತೇನೆ. ಆಣೆ ಹಾಕುತ್ತಿರುವಾಗಲೂ ಎದುರಿಗೆ ಇಬ್ಬರು ಭಟ್ಟರು ನಿಂತಿರುತ್ತಾರೆ. ‘ಮನಸ್ಸು ಗಟ್ಟಿ ಮಾಡಿ ಮಾಷ್ಟ್ರೇ, ಎಲ್ಲ ಸರಿಯಾಗ್ತದೆ’ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಮನಸ್ಸಿಗೆ ಒಂದೆಂದು ಗೊತ್ತು. ಗೊತ್ತಿದ್ದೂ ಎರಡು ಕಾಣುತ್ತದೆ.

ಒಂದೋ ಎರಡೋ ಎಂಬ ಚರ್ಚೆಗೆ ನಮ್ಮ ಕಾಸರಗೋಡು ಹೇಳಿ ಮಾಡಿಸಿದ ಜಾಗ. 13ನೇ ಶತಮಾನದಲ್ಲಿ, ಕುಂಬಳೆಯ ಜಯಸಿಂಹ ರಾಜನ ಕಾಲದಲ್ಲಿ, ಇಲ್ಲಿಯ ಕಾವು ಮಠದ ತ್ರಿವಿಕ್ರಮ ಪಂಡಿತರು ಅದ್ವೈತದ ಪರವಾಗಿ ಮಧ್ವಾಚಾರ್ಯರ ಜೊತೆ ವಿಷ್ಣುಮಂಗಲ ದೇವಸ್ಥಾನದಲ್ಲಿ ದಿನಗಟ್ಟಲೆ ವಾದಿಸಿದರು. ಕೊನೆಗೆ ಅವರ ಶಿಷ್ಯರೇ ಆಗಿಬಿಟ್ಟರು. ವಾಯುಸ್ತುತಿ ಬರೆದವರು ಇವರೇ. ಇತ್ತ ಎಡನೀರಿನಲ್ಲಿ ತೋಟಕಾಚಾರ್ಯ ಪರಂಪರೆಯ ಅದ್ವೈತ ಮಠವಿದೆ. ಅಲ್ಲಿಯ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಾಗ 7 ಜನರಿಗೆ ಒಂದು ಕಂಡಿತು, 6 ಜನರಿಗೆ ಇನ್ನೊಂದು. ಹಾಗಿರುವಾಗ ನನ್ನ ಎರಡು ಕಣ್ಣು ಒಮ್ಮತಕ್ಕೆ ಬರಲಿಲ್ಲವೆಂದು ಯಾರ ಹತ್ತಿರ ದೂರು ಹೇಳಲಿ?

ಒಂದು ಸಾಹಿತ್ಯಗೋಷ್ಠಿಯಲ್ಲಿ ಭಾಷಣಕಾರರೊಬ್ಬರು ನನ್ನ ಕಣ್ಣನ್ನು ರೂಪಕ ಮಾಡಿಯೂ ಮುಗಿಸಿದರು. ಗಡಿನಾಡಿನಲ್ಲಿ ಎಲ್ಲವೂ ಎರಡಂತೆ: ಎರಡು ಭಾಷೆ, ಎರಡು ಲಿಪಿಯ ಬೋರ್ಡು, ಒಂದು ಕಾಲು ಕೇರಳದಲ್ಲಿ, ಮನಸ್ಸು ಕರ್ನಾಟಕದಲ್ಲಿ. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಆದರೆ ಕನ್ನಡ, ತುಳು, ಮಲಯಾಳ ಎಲ್ಲವನ್ನೂ ಒಂದೇ ನಾಲಿಗೆಯಲ್ಲಿ ಇಟ್ಟುಕೊಂಡವರು ನಾವು. ಅದರಿಂದ ಯಾರಿಗೂ ತಲೆಸುತ್ತು ಬಂದದ್ದು ಕಾಣೆ. (1956ರಿಂದ ಬಂದ ರಾಜಕೀಯದ ತಲೆನೋವು ಬೇರೆ, ಅದಕ್ಕೆ ಮಹಾಜನ ಆಯೋಗದ ಔಷಧಿ ಚೀಟಿಯೂ ಸಿಕ್ಕಿತ್ತು, ಔಷಧಿ ಸಿಗಲಿಲ್ಲ ಅಷ್ಟೆ.) ಕಣ್ಣಿನ ಎರಡು ಹಾಗಲ್ಲ. ಅದಕ್ಕೆ ಸಂಜೆಯಾಗುವಾಗ ಹಣೆ ಸಿಡಿಯುತ್ತದೆ.

ಬಿದ್ದ ಕಥೆ ಹೇಳಿ ಹೇಳಿ ನನಗೇ ಬೇಸರ ಬಂದಿದೆ. ಮಳೆಗಾಲ, ಮುಸ್ಸಂಜೆ, ಸ್ಕೂಟರು, ರಸ್ತೆಯ ಹೊಂಡ. ಪ್ರಜ್ಞೆ ಬಂದದ್ದು ಮಂಗಳೂರಿನಲ್ಲಿ. ತಲೆಗೆ ಏಟು ಬಿದ್ದ ಕಾಸರಗೋಡಿನವನಿಗೆ ಪ್ರಜ್ಞೆ ಬರುವುದು ಮಂಗಳೂರಿನಲ್ಲೇ. ತಲಪಾಡಿ ದಾಟಲು ಆಗದ ದಿನ ನಮಗೆ ದೊಡ್ಡ ಕಾಯಿಲೆ ಬರಕೂಡದು. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿ ರಸ್ತೆಗೆ ಮಣ್ಣು ಸುರಿದಾಗ ಆಚೆಯ ಆಸ್ಪತ್ರೆ ತಲುಪಲಾಗದೆ ಸತ್ತವರಿದ್ದಾರೆ. ಉಕ್ಕಿನಡ್ಕದ ನಮ್ಮ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆದದ್ದು ಅದರ ಮರುತಿಂಗಳು. ಅದು ಬೇರೆಯೇ ಕಥೆ, ನಗುವ ಕಥೆಯಲ್ಲ.

ಒಂದೊಂದು ಕಣ್ಣನ್ನು ಆಡಿಸಲು ಆರಾರು ಸ್ನಾಯುಗಳಿವೆ, ಅವನ್ನು ಆಳಲು ಮೂರು ನರಗಳಿವೆ ಎಂಬುದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಮೆದುಳಿನಿಂದ ನೇರ ಹೊರಡುವ ನರಗಳ ಪೈಕಿ ನಾಲ್ಕನೆಯದೆಂದು ಎಣಿಸುವ ಒಂದು ನರ ಎಲ್ಲಕ್ಕಿಂತ ತೆಳು. ಉಳಿದವು ಮುಂದಿನಿಂದ ಹೊರಟರೆ ಇದು ಹಿಂಬದಿಯಿಂದ ಹೊರಟು ಸುತ್ತಿ ಬಳಸಿ ಕಣ್ಣಿಗೆ ಬರುತ್ತದೆ. ಹಾಗಾಗಿ ಬುರುಡೆಯೊಳಗೆ ಇದರ ದಾರಿಯೇ ಉದ್ದ, ತಲೆ ಅಪ್ಪಳಿಸಿದಾಗ ಜಗ್ಗಿ ಹೋಗುವುದೂ ಸುಲಭ. ಇಷ್ಟು ದೂರ ಬಂದು ಅದು ಮಾಡುವ ಕೆಲಸವಾದರೂ ಏನು? ಒಂದೇ ಒಂದು ಸ್ನಾಯುವನ್ನು ಆಳುತ್ತದೆ. ಕಣ್ಣನ್ನು ಕೆಳಕ್ಕೆ ಇಳಿಸುವ, ಒಳಬದಿಗೆ ತುಸು ತಿರುಚುವ ಸ್ನಾಯು. ಪೈವಳಿಕೆಯ ಕಂಬಳದಲ್ಲಿ ಒಂದೇ ನೊಗದ ಎರಡು ಕೋಣಗಳಲ್ಲಿ ಒಂದು ಅರ್ಧ ಹೆಜ್ಜೆ ಹಿಂದೆ ಬಿದ್ದರೆ ಓಟ ಹೇಗೆ ಕೆಡುತ್ತದೋ, ನನ್ನ ನೋಟವೂ ಹಾಗೆ ಕೆಟ್ಟಿತು. ಎಡಗಣ್ಣು ಅರ್ಧ ಹೆಜ್ಜೆ ತಪ್ಪಿತು. ಮೇಲೆ ನೋಡುವಾಗ ಎರಡು ಚಿತ್ರಗಳ ನಡುವಿನ ಅಂತರ ಕಡಿಮೆ, ಕೆಳಗೆ ನೋಡುವಾಗ ಹೆಚ್ಚು. ಮನುಷ್ಯನಿಗೆ ಆಕಾಶಕ್ಕಿಂತ ನೆಲವೇ ಹೆಚ್ಚು ಬೇಕಾಗುತ್ತದೆ ಎಂಬುದನ್ನು ಆ ನರ ಗಮನಿಸಿದ ಹಾಗಿಲ್ಲ.

ಇಷ್ಟೇ ಆಗಿದ್ದರೆ ದಾರಿಯಿತ್ತು. ಇದು ಇಷ್ಟೇ ಅಲ್ಲವೆಂದು ತೋರಿಸಿಕೊಟ್ಟದ್ದು ಒಂದು ಸಿಂಹ.

ಕಣ್ಣಿನ ವಿಭಾಗದ ಕತ್ತಲೆ ಕೋಣೆಯಲ್ಲಿ ಸಿನಾಪ್ಟೊಫೋರ್ ಎಂಬ ಯಂತ್ರವಿತ್ತು. ಒಂದೊಂದು ಕಣ್ಣಿಗೆ ಒಂದೊಂದು ಕೊಳವೆ, ಗಲ್ಲ ಊರಲು ಒಂದು ತಟ್ಟೆ, ಕೈಗೆ ಒಂದು ಹಿಡಿಕೆ. ಎಡಗೊಳವೆಯೊಳಗೆ ಸಿಂಹದ ಚಿತ್ರ, ಬಲಗೊಳವೆಯೊಳಗೆ ಬರೀ ಪಂಜರ. ಮಕ್ಕಳ ಪುಸ್ತಕದಿಂದ ಎದ್ದು ಬಂದಂಥ ಸಿಂಹ, ಯಾರಿಗೂ ಉಪದ್ರ ಕೊಡುವ ಮುಖವಲ್ಲ. ಹಿಡಿಕೆ ತಿರುಗಿಸುತ್ತಾ ಅದನ್ನು ಪಂಜರದೊಳಗೆ ಕೂರಿಸಬೇಕು. ಸಣ್ಣ ಮಕ್ಕಳೂ ಆಟವೆಂದು ಮಾಡುವ ಕೆಲಸ. ನಾನೂ ತಿರುಗಿಸಿದೆ. ಸಿಂಹ ಮೆಲ್ಲನೆ ಬಂತು. ಪಂಜರದ ಸರಳಿಗೆ ಅದರ ಕೇಸರ ತಾಗಿತು. ಇನ್ನು ಒಂದು ಕೂದಲೆಳೆ. ಉಸಿರು ಬಿಗಿಹಿಡಿದು ಹಿಡಿಕೆಯನ್ನು ಅಷ್ಟೇ ಅಷ್ಟು ಅಲುಗಿಸಿದೆ. ಸಿಂಹ ಟಪ್ಪನೆ ಪಂಜರದ ಆಚೆ ಬದಿಯಲ್ಲಿತ್ತು. ಹಿಂದಕ್ಕೆ ತಿರುಗಿಸಿದೆ, ಟಪ್ಪನೆ ಈಚೆ ಬದಿಗೆ. ಆಚೆ ಇದೆ, ಈಚೆ ಇದೆ, ಒಳಗೆ ಇಲ್ಲ.

‘ಹೋಯ್ತಾ ಸರ್ ಒಳಗೆ?’ ಎಂದು ಕೇಳಿದಳು ಯಂತ್ರ ನೋಡಿಕೊಳ್ಳುವ ಹುಡುಗಿ.

‘ಇಲ್ಲಮ್ಮ, ಹಾರಿತು.’

ಅವಳು ಡಾಕ್ಟರನ್ನು ಕರೆದಳು. ಅವರು ಬಂದು ಸಿಂಹದ ಓರೆಯನ್ನೂ ಎತ್ತರವನ್ನೂ ತಾವೇ ಸರಿಪಡಿಸಿ, ಎರಡು ಚಿತ್ರವೂ ಸರಿಯಾಗಿ ಒಂದರ ಮೇಲೊಂದು ಬೀಳುವ ಹಾಗೆ ಇಟ್ಟರು. ಆಗಲೂ ಸಿಂಹ ಕೂರಲಿಲ್ಲ. ಪಂಜರದ ಮೇಲೆ ಒಂದು ಕ್ಷಣ ಜಾರಾಡಿ ಹೊರಗೆ ಬಂತು. ಡಾಕ್ಟರು ಏನೋ ಬರೆದುಕೊಂಡರು. ಲೈಟು ಹಾಕಿದ ಮೇಲೆ ಕುರ್ಚಿ ಹತ್ತಿರ ಎಳೆದು ಕೂತು ಹೇಳಿದರು: ‘ಮಾಷ್ಟ್ರೇ, ನಿಮ್ಮ ಎರಡು ಕಣ್ಣಿನ ದೃಷ್ಟಿಯೂ ಒಳ್ಳೆದುಂಟು. ಅದೇ ತೊಂದರೆ ಆದದ್ದು.’

ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ದೂರವಿದೆ. ಹಾಗಾಗಿ ಎಲ್ಲರ ಕಣ್ಣಿಗೂ ಬೀಳುವುದು ಎರಡು ಬೇರೆ ಬೇರೆ ಚಿತ್ರಗಳೇ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಸ್ಟೀರಿಯೋಸ್ಕೋಪ್ ಮಾಡಿ ತೋರಿಸಿದ್ದು ಇದನ್ನೇ: ಸ್ವಲ್ಪ ಸ್ವಲ್ಪ ಬೇರೆಯಾದ ಆ ಎರಡನ್ನು ಮೆದುಳು ಬೆಸೆದು ಒಂದು ಮಾಡುತ್ತದೆ, ಬೆಸೆಯುವಾಗ ಆಳವೂ ಹುಟ್ಟುತ್ತದೆ. ನನ್ನ ತಲೆಯಲ್ಲಿ ಆ ಬೆಸೆಯುವ ಶಕ್ತಿಯೇ ಏಟಿಗೆ ಹೋಗಿದೆ. ಕಣ್ಣನ್ನು ಆಪರೇಷನ್ ಮಾಡಿ ನೆಟ್ಟಗೆ ಮಾಡಬಹುದು, ನೋಡುವವರಿಗೆ ಚಂದ ಕಾಣಬಹುದು; ಆದರೆ ಬೆಸುಗೆ ಆಗುವುದಿಲ್ಲ. ‘ಎರಡು ಚಿತ್ರ ಇನ್ನೂ ಹತ್ತಿರ ಬಂದು ಕೂತರೆ ನಿಮಗೆ ಈಗಿನದ್ದಕ್ಕಿಂತ ಜಾಸ್ತಿ ಉಪದ್ರ’ ಎಂದರು. ದೂರ ಇರುವ ಸುಳ್ಳನ್ನು ಕಡೆಗಣಿಸಬಹುದು, ಪಕ್ಕದಲ್ಲೇ ಕೂತ ಸುಳ್ಳನ್ನು ಆಗುವುದಿಲ್ಲ. ಒಂದು ಕಣ್ಣಿನ ದೃಷ್ಟಿ ಕೆಟ್ಟಿದ್ದರೆ ಮೆದುಳು ಅದರ ಮಾತಿಗೆ ಬೆಲೆ ಕೊಡದೆ ಇರುತ್ತಿತ್ತೇನೋ. ಎರಡೂ ಒಳ್ಳೆಯ ಸಾಕ್ಷಿಗಳೇ ಆದದ್ದರಿಂದ ಜಡ್ಜ್‌ಮೆಂಟ್ ಆಗುತ್ತಿಲ್ಲ.

ಸಣ್ಣ ಮಕ್ಕಳ ಮೆದುಳು ಇದಕ್ಕಿಂತ ಜಾಣ. ಹುಟ್ಟಿನಿಂದಲೋ ಎಳವೆಯಿಂದಲೋ ಮೆಳ್ಳೆಗಣ್ಣು ಇರುವವರಿಗೆ ಎರಡೆರಡು ಕಾಣುವುದಿಲ್ಲ. ಅವರ ಮೆದುಳು ವಾಲಿದ ಕಣ್ಣಿನ ಚಿತ್ರವನ್ನು ಒತ್ತಿ ಹಿಡಿದು, ಒಂದೇ ಕಣ್ಣಿನಲ್ಲಿ ಸಂಸಾರ ನಡೆಸಲು ಕಲಿತುಬಿಡುತ್ತದೆ. ಅದಕ್ಕೆ ತೆರುವ ಬೆಲೆಯೂ ಉಂಟು, ಉಪಯೋಗಿಸದ ಕಣ್ಣು ಮಂಕಾಗುತ್ತದೆ. ನನ್ನ ವಯಸ್ಸಿಗೆ ಆ ವಿದ್ಯೆ ಹತ್ತುವುದಿಲ್ಲ.

ಆದರೂ ಮನುಷ್ಯ ಸುಮ್ಮನೆ ಕೂರುತ್ತಾನೆಯೇ? ಮೊದಲು ಪ್ರಿಸಂ. ಕನ್ನಡಕದ ಗಾಜಿಗೆ ಅಂಟಿಸುವ ತೆಳುವಾದ ಪ್ಲಾಸ್ಟಿಕ್ ಹಾಳೆ, ಉದ್ದಕ್ಕೂ ಸಣ್ಣ ಸಣ್ಣ ಗೀರು. ಇದನ್ನು ಫ್ರೆನೆಲ್ ಪ್ರಿಸಂ ಎನ್ನುತ್ತಾರೆ. ಓಗಸ್ಟಿನ್ ಫ್ರೆನೆಲ್ ಎಂಬ ಫ್ರೆಂಚ್ ಎಂಜಿನಿಯರ್ ಸಮುದ್ರದ ಲೈಟ್‌ಹೌಸುಗಳಿಗಾಗಿ ದಪ್ಪ ಗಾಜನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಹಗುರ ಮಾಡುವ ಉಪಾಯ ಕಂಡುಹಿಡಿದ. 1823ರಲ್ಲಿ ಕೋರ್ದುವಾನ್ ಲೈಟ್‌ಹೌಸಿನಲ್ಲಿ ಮೊದಲಿಗೆ ಅದು ಬೆಳಗಿತು. ಹಡಗುಗಳಿಗೆ ದಾರಿ ತೋರಿಸಿದ ಆ ಉಪಾಯವೇ ನನ್ನ ಕನ್ನಡಕದ ಮೇಲೆ ಬಂದು ಕೂತಿತು. ಪ್ರಿಸಂ ಚಿತ್ರವನ್ನು ಮೇಲಕ್ಕೋ ಕೆಳಕ್ಕೋ ಪಕ್ಕಕ್ಕೋ ಸರಿಸಬಲ್ಲದು. ಒಂದು ಪ್ರಿಸಂ ಡಯಾಪ್ಟರ್ ಎಂದರೆ ಒಂದು ಮೀಟರ್ ದೂರದಲ್ಲಿ ಒಂದು ಸೆಂಟಿಮೀಟರ್ ಸರಿಸುವಷ್ಟು ಶಕ್ತಿ. ಆದರೆ ವಾಲಿದ್ದನ್ನು ನೆಟ್ಟಗೆ ಮಾಡುವ ಪ್ರಿಸಂ ಇಲ್ಲ. ಸಿಂಹದ ಕಥೆಯೇ ಇಲ್ಲೂ ನಡೆಯಿತು, ಮೇಲಿಂದ ದೀಪಗಳ ಸುತ್ತ ಕಾಮನಬಿಲ್ಲು ಬೇರೆ. ಆಮೇಲೆ ಬೊಟಾಕ್ಸ್ ಮಾತು ಬಂತು. ಸಿನಿಮಾದವರ ಹಣೆಯ ಗೆರೆ ಅಳಿಸುವ ಆ ಇಂಜೆಕ್ಷನ್ ಮೊದಲು ಬಂದದ್ದೇ ಕಣ್ಣು ವಾಲಿದವರಿಗಾಗಿ ಎಂದು ಗೊತ್ತಾದಾಗ ನನಗೆ ಸ್ವಲ್ಪ ಹೆಮ್ಮೆಯಾಯಿತು. ಅಮೆರಿಕದ ಅಲನ್ ಸ್ಕಾಟ್ ಎಂಬ ಕಣ್ಣಿನ ಡಾಕ್ಟರ ಕೆಲಸ ಅದು. 1989ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆ ಬಿಗಿಯುವ ಕಾಯಿಲೆಗೆ. ನನ್ನ ಪ್ರಕರಣಕ್ಕೆ ಅದರಿಂದಲೂ ಪ್ರಯೋಜನವಿಲ್ಲವೆಂದರು. ಚೆನ್ನೈಯ ಶಂಕರ ನೇತ್ರಾಲಯದಲ್ಲೊಮ್ಮೆ ತೋರಿಸು ಎಂದು ನೆಂಟರು ಹೇಳುತ್ತಲೇ ಇದ್ದಾರೆ. ಎರಡನೆಯ ಚಂದ್ರ ಸುಳ್ಳು ಎಂದ ಆಚಾರ್ಯರ ಹೆಸರಿನಲ್ಲೇ 1978ರಲ್ಲಿ ಕಣ್ಣಿನ ಆಸ್ಪತ್ರೆ ಎದ್ದದ್ದು ನನಗೆ ತಮಾಷೆಯಾಗಿ ಕಾಣುತ್ತದೆ. ಸಿಂಹ ಕೂರುವುದಿಲ್ಲವೆಂದು ತಿಳಿದ ಮೇಲೆ ಅಷ್ಟು ದೂರ ರೈಲಿನಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ.

ಓದುವವನಿಗೆ ಇದರ ಶಿಕ್ಷೆ ದೊಡ್ಡದು. ಪುಸ್ತಕ ಮಡಿಲಲ್ಲಿಟ್ಟರೆ ಕಣ್ಣು ಕೆಳಗೆ ಇಳಿಯಬೇಕು, ನನ್ನ ನರ ಕೈಕೊಟ್ಟದ್ದು ಅಲ್ಲಿಯೇ. ಇಂಗ್ಲಿಷಿನವರಿಗೆ ಒಂದು ಸಾಲು ಇನ್ನೊಂದರ ಮೇಲೆ ಬಿದ್ದರೆ ಬರೀ ಗೀಚು. ಕನ್ನಡದಲ್ಲಿ ಬೇರೆಯೇ ನಾಟಕ. ಮೇಲಿನ ಸಾಲಿನ ಒತ್ತಕ್ಷರ ಇಳಿದು ಬಂದು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತದೆ. ಎಲ್ಲಿಯದೋ ಕೊಂಬು ಯಾರ ತಲೆಗೋ ಏರುತ್ತದೆ. ಪತ್ರಿಕೆಯ ‘ಅಧ್ಯಕ್ಷ’ರಿಗೆ ಪಕ್ಕದ ಸುದ್ದಿಯಿಂದ ಏನೇನೋ ಬಂದು ಸೇರಿ, ಅವರು ಹೇಳದ್ದನ್ನೆಲ್ಲ ಹೇಳುತ್ತಾರೆ. ಕೆಲವು ಸಲ ಅಚ್ಚಾದದ್ದಕ್ಕಿಂತ ನಾನು ಓದಿದ್ದೇ ಚೆನ್ನಾಗಿರುತ್ತದೆ. ಕೊನೆಗೆ ಅಟ್ಟದಿಂದ ಅಪ್ಪನ ವ್ಯಾಸಪೀಠ ಇಳಿಸಿದೆ. ಮೇಜಿನ ಮೇಲೊಂದು ಮಣೆ ಇಟ್ಟು ಅದರ ಮೇಲೆ ವ್ಯಾಸಪೀಠವನ್ನು ಏರಿಸಿದರೆ ಪುಟ ಕಣ್ಣಿನ ನೇರಕ್ಕೆ ಬರುತ್ತದೆ. ಅಪ್ಪ ಅದರ ಮೇಲೆ ಗದುಗಿನ ಭಾರತ ಇಡುತ್ತಿದ್ದರು. ನಾನು ಇಡುವುದು ಅಡಕೆ ಧಾರಣೆಯ ಪುಟ.

ತೋಟದ ಮಾತು ಬಂದರೆ, ನನ್ನ ತೋಟ ಎರಡು ಪಟ್ಟಾಗಿದೆ. ನೆಟ್ಟಗಿನ ಒಂದೊಂದು ಅಡಕೆ ಮರಕ್ಕೂ ವಾಲಿದ ಒಂದೊಂದು ಜೋಡಿ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. ಇವತ್ತಿನ ಸಿಪಿಸಿಆರ್‌ಐ ತನಕ ನೂರಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳು ಬೆವರು ಸುರಿಸಿದ್ದಾರೆ. ಮರಗಳನ್ನು ಹೀಗೆ ಒಂದೇ ಸಲಕ್ಕೆ ದ್ವಿಗುಣ ಮಾಡಿದವನು ನಾನೊಬ್ಬನೇ. ಇಳುವರಿ ಮಾತ್ರ ಮೊದಲಿನಷ್ಟೇ.

ನಗುವ ವಿಷಯವಲ್ಲದ್ದು ತೋಟಕ್ಕೆ ಹೋಗುವ ದಾರಿಯ ಸಂಕ. ತೋಡಿಗೆ ಅಡ್ಡ ಹಾಕಿದ ಎರಡು ಅಡಕೆ ಮರ, ಮಳೆಗಾಲದಲ್ಲಿ ಪಾಚಿ. ನನಗೆ ನಾಲ್ಕು ಮರ. ಯಾವ ಎರಡರ ಮೇಲೆ ಕಾಲಿಡಬೇಕು? ಕೆಳಗೆ ಕೆಂಪು ನೀರು ಓಡುತ್ತಿರುತ್ತದೆ, ಅದೂ ಎರಡು ತೋಡು. ಕಣ್ಣನ್ನು ನಂಬುವ ಹಾಗಿಲ್ಲ, ಆದ್ದರಿಂದ ಕೊಡೆಯ ತುದಿಯಿಂದ ಕುಟ್ಟಿ ನೋಡುತ್ತೇನೆ. ‘ಟಕ್’ ಎಂದು ಶಬ್ದ ಬಂದದ್ದು ಮರ, ಬಾರದ್ದು ನನ್ನ ಎಡಗಣ್ಣಿನ ಸೃಷ್ಟಿ. ಮುರಕಲ್ಲಿನ ಮೆಟ್ಟಲು ಇಳಿಯುವಾಗಲೂ ಹೀಗೆಯೇ ಕುಟ್ಟುತ್ತೇನೆ. ಹತ್ತುವುದು ಅಷ್ಟು ಕಷ್ಟವಲ್ಲ. ಇಳಿಯುವುದೇ ಕಷ್ಟ.

ಊರಿನವರು ಮೊದಲು ಹೆದರಿದರು, ಆಮೇಲೆ ಕನಿಕರಪಟ್ಟರು, ಈಗ ಜೋಕು ಮಾಡುತ್ತಾರೆ. ಈ ಮೂರರಲ್ಲಿ ನನಗೆ ಹಿತವಾದದ್ದು ಕೊನೆಯದು. ‘ಎಂತ ಮಾಷ್ಟ್ರೇ, ನಿಮಗೆ ಲಾಭವೇ ಅಲ್ವಾ? ಒಂದು ಹೋಳಿಗೆ ಬಡಿಸಿದ್ರೆ ಎರಡು ಕಾಣ್ತದೆ!’ ಎಂದು ಊಟದ ಪಂಕ್ತಿಯಲ್ಲಿ ಯಾರಾದರೂ ಕೂಗುವುದುಂಟು. ಸಂಬಳವೂ ಹಾಗೆ ಕಾಣುತ್ತಿದ್ದರೆ ಪೆನ್ಶನ್ ಮೊದಲೇ ತೆಗೆದುಕೊಳ್ಳುತ್ತಿದ್ದೆ ಎನ್ನುತ್ತೇನೆ. ಪರೀಕ್ಷೆಯ ಹಾಲಿನಲ್ಲಿ ನನ್ನ ಕಣ್ಣಿನಿಂದ ಶಾಲೆಗೆ ಉಪಕಾರವೇ ಆಯಿತು. ಮಾಷ್ಟ್ರು ಎಡಬದಿಯ ಬೆಂಚು ನೋಡುತ್ತಿದ್ದಾರೋ ಬಲಬದಿಯದ್ದೋ ಎಂದು ಯಾವ ಹುಡುಗನಿಗೂ ಖಚಿತವಾಗದೆ, ಇಡೀ ಹಾಲು ತಲೆ ತಗ್ಗಿಸಿ ಬರೆಯುತ್ತಿತ್ತು. ಬಸ್ಸಿನಲ್ಲಿ ಮಾತ್ರ ಕಷ್ಟ. ಎದುರು ಸೀಟಿನ ಹೆಂಗಸು ಸೆರಗು ಸರಿಪಡಿಸಿಕೊಂಡು ಮುಖ ತಿರುಗಿಸಿದಾಗ, ನಾನು ನೋಡುತ್ತಿದ್ದದ್ದು ಕಿಟಕಿಯಾಚೆಯ ಬೋರ್ಡು ಎಂದು ವಿವರಿಸುವುದು ಹೇಗೆ? ಎದುರು ನಿಂತು ಮಾತಾಡುವವರೂ ಒಂದು ಕ್ಷಣ ಹಿಂದೆ ತಿರುಗಿ ನೋಡುತ್ತಾರೆ, ಅಲ್ಲಿ ಇನ್ಯಾರಾದರೂ ಇದ್ದಾರೋ ಎಂದು. ಮಂಗಳೂರು–ಕಾಸರಗೋಡು ದಾರಿಯಲ್ಲಿ ಕೇರಳದ್ದೂ ಕೆಎಸ್‌ಆರ್‌ಟಿಸಿ, ಕರ್ನಾಟಕದ್ದೂ ಕೆಎಸ್‌ಆರ್‌ಟಿಸಿ. ಆರೋಗ್ಯವಂತರೇ ಗೊಂದಲಪಡುವ ಆ ದಾರಿಯಲ್ಲಿ ನನಗೆ ನಾಲ್ಕು ಕೆಎಸ್‌ಆರ್‌ಟಿಸಿ ಬರುತ್ತವೆ. ಕಂಡಕ್ಟರುಗಳಿಗೆ ನನ್ನ ಪರಿಚಯವಾಗಿದೆ. ‘ಮಾಷೇ, ಸೂಕ್ಷಿಚ್ಚ್’ (ಜೋಪಾನ) ಎಂದು ತೋಳು ಹಿಡಿದು ಇಳಿಸುತ್ತಾರೆ. ಫೋಟೋ ಸ್ಟುಡಿಯೋದವನಿಗೆ ಮಾತ್ರ ಇನ್ನೂ ಅರ್ಥವಾಗಿಲ್ಲ. ಎರಡು ಚಿತ್ರ ಹತ್ತಿರ ಬರಲೆಂದು ನಾನು ಬಲಭುಜದ ಕಡೆಗೆ ಕತ್ತು ವಾಲಿಸಿ ನಿಲ್ಲುತ್ತೇನೆ, ಅದು ಅಭ್ಯಾಸವಾಗಿದೆ. ಅವನು ಪ್ರತಿ ಸಲ ಬಂದು ಗಲ್ಲ ಹಿಡಿದು ನೆಟ್ಟಗೆ ಮಾಡಿ ಹೋಗುತ್ತಾನೆ.

ಆಟ ನೋಡುವುದನ್ನು ಬಿಟ್ಟಿಲ್ಲ. ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿ ಯಕ್ಷಗಾನ ಬಿಟ್ಟರೆ ಇನ್ನೇನುಂಟು? ದೇವೀಮಹಾತ್ಮೆಯಲ್ಲಿ ರಕ್ತಬೀಜನ ಒಂದು ತೊಟ್ಟು ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ ಏಳಬೇಕು. ನನಗೆ ಅವನು ಪ್ರವೇಶದಲ್ಲೇ ಇಬ್ಬರು, ದೇವಿ ಆಯುಧ ಎತ್ತುವ ಮೊದಲೇ. ನಳದಮಯಂತಿಯಲ್ಲಿ ನನಗೆ ದಮಯಂತಿಯ ಕಷ್ಟ ಹಿಂದೆ ಇಷ್ಟು ತಾಗುತ್ತಿರಲಿಲ್ಲ. ಸ್ವಯಂವರದಲ್ಲಿ ಐದು ನಳರು ಸಾಲಾಗಿ ನಿಂತಿರುತ್ತಾರೆ, ನಾಲ್ವರು ದೇವತೆಗಳು. ಅವಳು ಗುರುತು ಹಿಡಿದದ್ದು ಹೇಗೆ? ದೇವತೆಗಳ ರೆಪ್ಪೆ ಬಡಿಯುವುದಿಲ್ಲ, ಮೈ ಬೆವರುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ, ನೆರಳು ಬೀಳುವುದಿಲ್ಲ. ಈ ಪರೀಕ್ಷೆಗಳನ್ನೆಲ್ಲ ನಾನೂ ಮಾಡಿ ನೋಡಿದ್ದೇನೆ. ನನ್ನ ಸುಳ್ಳು ಮನುಷ್ಯ ರೆಪ್ಪೆ ಬಡಿಯುತ್ತಾನೆ, ಬೆವರುತ್ತಾನೆ, ಅವನಿಗೆ ನೆರಳೂ ಇದೆ. ಕಾಲಿನಲ್ಲಿ ಮಾತ್ರ ಸಿಕ್ಕಿಬೀಳುತ್ತಾನೆ. ದೇವತೆಗಳ ಹಾಗೆ ನೆಲದಿಂದ ಮೇಲೆ ನಿಲ್ಲುವಷ್ಟು ದೊಡ್ಡವನಲ್ಲ ಅವನು, ಕಣಕಾಲಿನ ತನಕ ನೆಲದೊಳಗೆ ಹುಗಿದು ನಿಂತಿರುತ್ತಾನೆ, ಸ್ವಲ್ಪ ಓರೆಯಾಗಿ. ಮದುವೆ ಮನೆಗಳಲ್ಲಿ ಕೈಕುಲುಕುವ ಮೊದಲು ನಾನು ಪಾದ ನೋಡುತ್ತೇನೆ. ವಿನಯವೆಂದು ತಿಳಿದವರಿದ್ದಾರೆ.

ಈ ಗುರುತು ಹಿಡಿಯುವ ಕೆಲಸವೇ ನಿಜವಾದ ಆಯಾಸ. ಎರಡು ಕಾಣುವುದು ಅಷ್ಟು ದೊಡ್ಡ ಸಂಗತಿಯಲ್ಲ. ಎಚ್ಚರ ಇರುವಷ್ಟು ಹೊತ್ತೂ, ಲೋಟಕ್ಕೆ ಚಹಾ ಬಗ್ಗಿಸುವಾಗ, ಚಿಲ್ಲರೆ ತೆಗೆದುಕೊಳ್ಳುವಾಗ, ಮಗುವಿನ ತಲೆ ಸವರುವಾಗ, ಯಾವುದು ಇರುವಂಥದ್ದು ಎಂದು ತೀರ್ಮಾನಿಸುತ್ತಲೇ ಇರಬೇಕು. ಬೇರೆಯವರಿಗೆ ಮೆದುಳು ಪುಕ್ಕಟೆ ಮಾಡಿಕೊಡುವ ಕೆಲಸವನ್ನು ನಾನು ಕೂಲಿಯಿಲ್ಲದೆ ಮಾಡುತ್ತಿದ್ದೇನೆ.

ಈ ವಿಷಯದಲ್ಲಿ ನನ್ನ ಗುರು ಪಟೌಡಿ. ಮನ್ಸೂರ್ ಅಲಿ ಖಾನ್ ಪಟೌಡಿ 1961ರ ಜುಲೈಯಲ್ಲಿ, 20ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಹೋವ್‌ನಲ್ಲಿ ಆದ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಬಹುಮಟ್ಟಿಗೆ ಕಳೆದುಕೊಂಡರು. ಅದೇ ಚಳಿಗಾಲದಲ್ಲಿ ಇಂಗ್ಲೆಂಡ್ ತಂಡ ಇಲ್ಲಿಗೆ ಬಂತು. ಹೈದರಾಬಾದಿನ ಪಂದ್ಯದಲ್ಲಿ ಆ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಆಡಲು ಇಳಿದರೆ, ಎದುರಿನಿಂದ ಎರಡು ಚೆಂಡು ಬರುತ್ತಿತ್ತು, ನಡುವೆ ಆರೇಳು ಅಂಗುಲದ ಅಂತರವಿಟ್ಟುಕೊಂಡು. ಒಳಬದಿಯ ಚೆಂಡನ್ನು ಹೊಡೆಯುವುದೆಂದು ತೀರ್ಮಾನಿಸಿ ಆಡಿದರು, ರನ್ನೂ ಬಂತು. ಚಹಾ ವಿರಾಮದಲ್ಲಿ ಲೆನ್ಸ್ ತೆಗೆದುಹಾಕಿ, ಕೆಟ್ಟ ಕಣ್ಣನ್ನು ಮುಚ್ಚಿಕೊಂಡು ಇನ್ನಷ್ಟು ಹೊಡೆದರು. 1962ರ ಜನವರಿಯಲ್ಲಿ ಮದ್ರಾಸ್ ಟೆಸ್ಟಿನಲ್ಲಿ 103. ಎರಡು ತಿಂಗಳಲ್ಲಿ, 21ನೇ ವಯಸ್ಸಿಗೆ ಭಾರತದ ಕ್ಯಾಪ್ಟನ್. ನಾಡಿನ ಕ್ರಿಕೆಟ್ ಪಂಡಿತರು ಪಟೌಡಿಯ ಫೀಲ್ಡಿಂಗ್ ಬಗ್ಗೆ, ಸ್ಪಿನ್ನರುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಆ ಚಹಾ ವಿರಾಮವೇ ದೊಡ್ಡದು. ಎರಡರಲ್ಲಿ ಒಂದನ್ನು ಆರಿಸಿ ಹೊಡೆಯುವುದು ಜಾಣತನ. ಒಂದು ಕಣ್ಣನ್ನೇ ಮುಚ್ಚಿಬಿಡುವುದು ಅದಕ್ಕಿಂತ ದೊಡ್ಡ ಜಾಣತನ.

ಅದೂ ಅಷ್ಟು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಎರಡು ಒಳ್ಳೆಯ ಕಣ್ಣಿರುವಾಗ ಒಂದನ್ನು ಮುಚ್ಚುವುದು ಸೋತ ಹಾಗೆ ಎಂದು ಮನೆಯವರಿಗೆ ಅನ್ನಿಸಿತು, ನನಗೂ ಅನ್ನಿಸಿತು. ಕಪ್ಪು ಬಟ್ಟೆಯ ಪಟ್ಟಿ ಕಟ್ಟಿದಾಗ ಮೊಮ್ಮಗಳು ‘ಶುಕ್ರಾಚಾರ್ಯ ಬಂದ’ ಎಂದು ಚಪ್ಪಾಳೆ ತಟ್ಟಿದಳು. ಬಲಿ ದಾನ ಕೊಡುವುದನ್ನು ತಪ್ಪಿಸಲು ಕಮಂಡಲದ ಮೂತಿಯೊಳಗೆ ಹೋಗಿ ಕೂತು, ವಾಮನನ ದರ್ಭೆಗೆ ಕಣ್ಣು ಕೊಟ್ಟ ಗುರು. ಓಣಂಗೂ ದೀಪಾವಳಿಗೂ ಎರಡೆರಡು ಸಲ ಬಲಿಯನ್ನು ಕರೆಯುವ ಈ ಊರಿನಲ್ಲಿ ಪಾಪದ ಶುಕ್ರಾಚಾರ್ಯನನ್ನು ಕೇಳುವವರಿಲ್ಲ. ನನ್ನ ಅಭಿಪ್ರಾಯದಲ್ಲಿ ಆ ದಿನ ಅಲ್ಲಿ ಸರಿಯಾಗಿ ನೋಡಿದವನು ಅವನೊಬ್ಬನೇ.

ಪಟ್ಟಿ ಸೆಕೆಗೆ ಬೆವರುತ್ತದೆ, ಕಿವಿಯ ಹಿಂದೆ ಉರಿಯುತ್ತದೆ. ಈಗ ಬೇರೆ ಉಪಾಯ. ಕನ್ನಡಕದ ಎಡಗಾಜಿನ ಒಳಬದಿಗೆ ಮಸುಕಾದ ಅಂಟು ಟೇಪು, ಸ್ಟೇಷನರಿ ಅಂಗಡಿಯಲ್ಲಿ ಸಿಗುವಂಥದ್ದೇ. ಗಾಜಿನ ಆಕಾರಕ್ಕೆ ಕತ್ತರಿಸಿ, ಗುಳ್ಳೆ ಬಾರದ ಹಾಗೆ ಹೆಬ್ಬೆರಳಿನಿಂದ ತಿಕ್ಕಿ ಅಂಟಿಸಬೇಕು. ಹೊರಗಿನಿಂದ ನೋಡಿದವರಿಗೆ ಗಾಜು ಮಂಜು ಹಿಡಿದ ಹಾಗೆ ಕಾಣುತ್ತದೆ, ಅಷ್ಟೆ. ಬೆಳಕು ಬರುತ್ತದೆ, ಚಿತ್ರ ಬರುವುದಿಲ್ಲ. ಆಳ ಹೋಗುತ್ತದೆ, ನಿಜ. ಎಡಬದಿಯಿಂದ ಬರುವ ಸೈಕಲು ಕಾಣುವುದಿಲ್ಲ, ಅದೂ ನಿಜ. ಆದರೆ ಯಾವುದು ಯಾವುದನ್ನು ಮರೆಮಾಡುತ್ತದೆ, ನೆರಳು ಎಲ್ಲಿ ಬೀಳುತ್ತದೆ, ತಲೆ ಅಲುಗಿಸಿದಾಗ ಯಾವುದು ಹೆಚ್ಚು ಸರಿಯುತ್ತದೆ ಎಂಬುದರಿಂದ ದೂರವನ್ನು ಅಂದಾಜು ಮಾಡಲು ಒಂದು ಕಣ್ಣೂ ಕಲಿಯುತ್ತದೆ. ಚಹಾ ಬಗ್ಗಿಸುವಾಗ ಪಾತ್ರೆಯ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಯೇ ಬಗ್ಗಿಸುತ್ತೇನೆ. ರಸ್ತೆ ದಾಟುವಾಗ ಕತ್ತನ್ನು ಪೂರ್ತಿ ತಿರುಗಿಸುತ್ತೇನೆ. ಸ್ಕೂಟರು ಮಾರಿದೆ. ಇದು ಗುಣವಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದು ನನಗೆ ಮಾಡಿದ ದೊಡ್ಡ ಉಪಕಾರ. ಇಲ್ಲದಿದ್ದರೆ ಇನ್ನೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಸಿಂಹವನ್ನು ಅಟ್ಟಿಕೊಂಡು ತಿರುಗುತ್ತಿದ್ದೆ.

ಓದುವವರಿಗೆ ಒಂದೆರಡು ಮಾತು. ನಿಮಗೆ ಯಾವತ್ತಾದರೂ ಇದ್ದಕ್ಕಿದ್ದಂತೆ ಎರಡೆರಡು ಕಂಡರೆ, ಒಂದು ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ಮುಚ್ಚಿದರೂ ಎರಡು ಹೋಗಿ ಒಂದಾದರೆ, ಅದು ಕನ್ನಡಕದ ಅಂಗಡಿಯ ಕೆಲಸವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ, ಜೊತೆಗೆ ತಲೆನೋವು, ಮಾತಿನ ತೊದಲು, ರೆಪ್ಪೆ ಜೋತುಬೀಳುವುದು ಇದ್ದರೆ ಅದೇ ಗಳಿಗೆ. ಸಕ್ಕರೆ ಕಾಯಿಲೆಯಿಂದ ಬಂದದ್ದಾದರೆ ಹೆಚ್ಚಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಯಾಗುತ್ತದೆ, ಆದರೆ ಅದೋ ಇನ್ನೊಂದೋ ಎಂದು ಹೇಳಬೇಕಾದವರು ಡಾಕ್ಟರು. ತೋಟದಲ್ಲಿ ಹಾವು ಕಚ್ಚಿದವರು ‘ಎರಡು ಕಾಣ್ತದೆ’ ಎಂದರೆ ವಿಷ ನರಕ್ಕೆ ಏರುತ್ತಿದೆ ಎಂದೇ ಅರ್ಥ, ಮಂತ್ರ ಮಾಡಿಸಿ ಹೊತ್ತು ಕಳೆಯಬೇಡಿ. ಮಗುವಿನ ಕಣ್ಣು ಓರೆಯಾದರೆ ಅದೃಷ್ಟದ ಕಣ್ಣು, ದೊಡ್ಡವನಾಗುವಾಗ ಸರಿಯಾಗುತ್ತದೆ ಎಂದು ಹೇಳುವ ಅಜ್ಜಿಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ನಮಸ್ಕಾರ ಮಾಡಿ, ಮಗುವನ್ನು ಶಾಲೆಗೆ ಸೇರಿಸುವ ಮೊದಲೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ನನ್ನಂಥವರು ಎದುರು ಸಿಕ್ಕಾಗ ಯಾವ ಕಣ್ಣು ನೋಡಿ ಮಾತಾಡಬೇಕೆಂದು ಗೊತ್ತಾಗದಿದ್ದರೆ ಹಿಂದೆ ಮುಂದೆ ನೋಡಬೇಡಿ, ಕೇಳಿಬಿಡಿ. ನನ್ನದು ಬಲಗಣ್ಣು.